ವಿಮಾನನಿಲ್ದಾಣದ ಸೂರು

ವಿಮಾನನಿಲ್ದಾಣವೆಂದೊಡನೆ ನಮ್ಮೆಲ್ಲರ ಕಣ್ಣೂ ವಿಮಾನವನ್ನೇ ಹುಡುಕುತ್ತದೆ. ಅದು ಸಹಜವೇ. ಭಾರವಾದ ಲೋಹಯಂತ್ರವೊಂದು ನೆಲವನ್ನು ಬಿಟ್ಟೇಳುವ ನೋಟದ ಮುಂದೆ ಕಲ್ಲು, ಉಕ್ಕು, ಗಾಜುಗಳ ಕಟ್ಟಡವು ಯಾರ ಗಮನವನ್ನು ಸೆಳೆದೀತು? ಆದರೂ ಒಂದು ಮಾತನ್ನು ಯೋಚಿಸಬೇಕು. ಬೀದರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವವನು ಆಕಾಶದಲ್ಲಿರುವುದು ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತು ಮಾತ್ರ. ಎರಡು ಊರುಗಳ ನಿಲ್ದಾಣದ ಕಟ್ಟಡಗಳಲ್ಲಿ ಅವನು ಕಳೆಯುವ ಕಾಲವು ಅದಕ್ಕಿಂತ ಕಡಿಮೆಯದಾಗಿರುವುದು ಅಪರೂಪ. ನೆಲದ ಮೇಲೆ ನಡೆಯುವ ಮನುಷ್ಯನನ್ನು ಆಕಾಶದ ಪ್ರಯಾಣಿಕನನ್ನಾಗಿ ಮಾರ್ಪಡಿಸುವ ಈ ಕಟ್ಟಡದ ರಚನೆಯಲ್ಲಿ ಗಣಿತವುಂಟು, ಭೌತಶಾಸ್ತ್ರವುಂಟು, ಮನುಷ್ಯಸ್ವಭಾವದ ತಿಳಿವಳಿಕೆಯೂ ಉಂಟು. ಅವುಗಳಲ್ಲಿ ಕೆಲವನ್ನು ಈ ಲೇಖನದಲ್ಲಿ ವಿಚಾರಿಸೋಣ.

ಬೀದರಿನ ವಿದ್ಯಾರ್ಥಿಗಳಿಗೆ ವಿಮಾನದ ಸದ್ದು ಹೊಸತಲ್ಲ. ೧೯೬೦ರ ದಶಕದಿಂದಲೂ ಅಲ್ಲಿಯ ವಾಯುಪಡೆಯ ನೆಲೆಯಲ್ಲಿ ಚಾಲಕರಿಗೆ ಶಿಕ್ಷಣ ನಡೆಯುತ್ತ ಬಂದಿದೆ. ವಾಯುಪಡೆಯ ಹೆಸರಾಂತ ಸೂರ್ಯಕಿರಣ ತಂಡವು ೧೯೯೬ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ೨೦೦೮ರಲ್ಲಿ ಹಾಕ್ ಎಂಬ ಜೆಟ್ ತರಬೇತಿ ವಿಮಾನಗಳು ಬಂದದ್ದೂ ಅಲ್ಲಿಗೇ. ಆದರೆ ಭಾಲ್ಕಿಯ ವ್ಯಾಪಾರಿಯೋ ಔರಾದದ ರೈತನ ಮಗಳೋ ಚೀಟಿ ಕೊಂಡು ಹತ್ತಬಹುದಾದ ವಿಮಾನವು ಬೀದರಿನಿಂದ ಹೊರಟದ್ದು ೨೦೨೦ರ ಫೆಬ್ರುವರಿ ೭ರಂದು. ವಾಯುಪಡೆಯ ಓಡುದಾರಿಯನ್ನೇ ಬಳಸಿಕೊಂಡು, ಅದರ ಅಂಚಿನಲ್ಲಿ ನಾಗರಿಕರಿಗಾಗಿ ಕಟ್ಟಿದ ಒಂದು ಚಿಕ್ಕ ಕಟ್ಟಡವೇ ಅಲ್ಲಿಯ ನಿಲ್ದಾಣ. ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನನಿಲ್ದಾಣದಲ್ಲಿ, ೨೦೨೨ರ ನವೆಂಬರ್ ೧೧ರಂದು ಎರಡನೆಯ ಟರ್ಮಿನಲ್ಲಿನ ಉದ್ಘಾಟನೆಯಾಯಿತು. ಅದರ ಅಂತಸ್ತುಗಳ ಒಟ್ಟು ನೆಲವು ಸುಮಾರು ೨,೫೫,೦೦೦ ಚದರ ಮೀಟರ್; ರೈತರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ೬೩ ಎಕರೆ. ಒಂದು ಚಿಕ್ಕದು, ಇನ್ನೊಂದು ಬಹು ದೊಡ್ಡದು. ಆದರೆ ಎರಡೂ ಬಿಡಿಸಬೇಕಾದ ಸಮಸ್ಯೆ ಮೂಲತಃ ಒಂದೇ.

ಎರಡು ಮುಖಗಳ ಕಟ್ಟಡ

ಆ ಸಮಸ್ಯೆ ಯಾವುದು? ವಿಮಾನನಿಲ್ದಾಣದ ಕಟ್ಟಡಕ್ಕೆ ಎರಡು ಮುಖಗಳಿವೆ. ಒಂದು ಊರಿನ ಕಡೆಗೆ, ಇನ್ನೊಂದು ಓಡುದಾರಿಯ ಕಡೆಗೆ. ಊರಿನ ಕಡೆಯಿಂದ ಜನರು ಒಬ್ಬೊಬ್ಬರಾಗಿ, ತಮತಮಗೆ ತೋರಿದ ಹೊತ್ತಿನಲ್ಲಿ, ಮಕ್ಕಳು ಮುದುಕರು ಗಂಟುಮೂಟೆಗಳೊಡನೆ ಬರುತ್ತಾರೆ. ಓಡುದಾರಿಯ ಕಡೆಯಲ್ಲಾದರೋ ವಿಮಾನವು ಗೊತ್ತಾದ ನಿಮಿಷಕ್ಕೆ, ಗೊತ್ತಾದ ಸಂಖ್ಯೆಯ ಜನರನ್ನು, ತನಿಖೆ ಮುಗಿಸಿ ಸಾಲಾಗಿ ನಿಂತ ಸ್ಥಿತಿಯಲ್ಲಿ ಬಯಸುತ್ತದೆ. ಚೆದುರಿ ಬರುವ ಹನಿಗಳನ್ನು ಕೂಡಿಸಿ, ಸೋಸಿ, ಒಂದೇ ಧಾರೆಯಾಗಿ ಬಿಡುವ ಕೆರೆಯ ತೂಬಿನಂತೆ ಈ ಕಟ್ಟಡವು ಕೆಲಸಮಾಡಬೇಕು. ಬರುವ ವಿಮಾನದ ವಿಷಯದಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ.

ಇದರಿಂದ ವಾಸ್ತುಶಿಲ್ಪಿಯ ಮೊದಲನೆಯ ನಿಯಮ ಹುಟ್ಟುತ್ತದೆ: ಹೋಗುವವರ ದಾರಿ, ಬರುವವರ ದಾರಿ, ಪೆಟ್ಟಿಗೆಗಳ ದಾರಿ, ಈ ಮೂರೂ ಎಲ್ಲಿಯೂ ಒಂದನ್ನೊಂದು ಅಡ್ಡಹಾಯಬಾರದು. ತನಿಖೆಯಾದವರು ಆಗದವರೊಡನೆ ಬೆರೆಯಕೂಡದೆಂಬುದು ಭದ್ರತೆಯ ನಿಯಮವೂ ಹೌದು. ದೊಡ್ಡ ನಿಲ್ದಾಣಗಳಲ್ಲಿ ಇದಕ್ಕೆ ಸುಲಭವಾದ ಪರಿಹಾರ ಮಹಡಿಗಳು. ಹೊರಡುವವರು ಮೇಲಿನ ಮಹಡಿಗೆ ಬಂದು ಇಳಿಯುತ್ತಾರೆ. ಬಂದವರು ಕೆಳಗಿನ ಮಹಡಿಯಿಂದ ಹೊರಬೀಳುತ್ತಾರೆ. ಪೆಟ್ಟಿಗೆಗಳು ಕಣ್ಣಿಗೆ ಬೀಳದಂತೆ ಚಲಿಸುವ ಪಟ್ಟಿಗಳ ಮೇಲೆ ಸಾಗುತ್ತವೆ. ಚಿಕ್ಕ ನಿಲ್ದಾಣದಲ್ಲಿ ಮಹಡಿಗಳ ಖರ್ಚು ಸಲ್ಲದು. ಅಲ್ಲಿ ಒಂದೇ ನೆಲದ ಮೇಲೆ ಎಡಗಡೆ ಒಂದು ದಾರಿ, ಬಲಗಡೆ ಇನ್ನೊಂದು ದಾರಿ ಮಾಡಿದರೆ ಸಾಕು.

ಎಷ್ಟು ದೊಡ್ಡದಿರಬೇಕು?

ಕಟ್ಟಡದ ಅಳತೆಯನ್ನು ಗೊತ್ತುಮಾಡುವುದು ಹೇಗೆ? ವರ್ಷಕ್ಕೆ ಎಷ್ಟು ಪ್ರಯಾಣಿಕರೆಂಬ ಲೆಕ್ಕದಿಂದ ಎಂದು ಅನೇಕರು ಭಾವಿಸುತ್ತಾರೆ. ಅದು ಅರ್ಧ ಸತ್ಯ. ಮದುವೆಯ ಚಪ್ಪರವನ್ನು ಹಾಕುವವನು ದಿನವೆಲ್ಲ ಬಂದುಹೋಗುವವರ ಮೊತ್ತವನ್ನು ಕೇಳುವುದಿಲ್ಲ. ಊಟದ ಹೊತ್ತಿಗೆ ಒಟ್ಟಿಗೆ ಎಷ್ಟು ಜನ ಕೂಡುವರೆಂದು ಕೇಳುತ್ತಾನೆ. ನಿಲ್ದಾಣದ ಶಿಲ್ಪಿಯೂ ಹಾಗೆಯೇ. ಅವನಿಗೆ ಬೇಕಾದುದು ಅತ್ಯಂತ ದಟ್ಟಣೆಯ ಗಂಟೆಯ ಲೆಕ್ಕ.

ಇಲ್ಲಿ ಒಂದು ಸರಳವಾದ ಸೂತ್ರ ನಮಗೆ ನೆರವಾಗುತ್ತದೆ. ಒಂದು ಜಾಗದಲ್ಲಿ ಒಂದು ಹೊತ್ತಿಗೆ ಇರುವವರ ಸಂಖ್ಯೆಯು, ಗಂಟೆಗೆ ಬರುವವರ ಸಂಖ್ಯೆಯನ್ನು ಅವರು ಸರಾಸರಿ ಅಲ್ಲಿ ನಿಲ್ಲುವ ಕಾಲದಿಂದ ಗುಣಿಸಿದಷ್ಟಾಗುತ್ತದೆ. ಗಂಟೆಗೆ ೩೦೦ ಜನ ಬರುತ್ತ, ಒಬ್ಬೊಬ್ಬರೂ ಮುಕ್ಕಾಲು ಗಂಟೆ ನಿಂತರೆ, ಒಳಗೆ ಯಾವಾಗಲೂ ೨೨೫ ಜನರಿರುತ್ತಾರೆ. ತನಿಖೆಯನ್ನು ಚುರುಕುಗೊಳಿಸಿ ನಿಲ್ಲುವ ಕಾಲವನ್ನು ಅರ್ಧ ಗಂಟೆಗೆ ಇಳಿಸಿದರೆ, ಅದೇ ೩೦೦ ಜನರಿಗೆ ೧೫೦ ಜನರ ಜಾಗ ಸಾಕಾಗುತ್ತದೆ. ಗೋಡೆಯನ್ನು ಮುಂದಕ್ಕೆ ತಳ್ಳದೆಯೇ ಕಟ್ಟಡ ದೊಡ್ಡದಾಯಿತಲ್ಲವೆ?

ಬೆಂಗಳೂರಿನ ಎರಡನೆಯ ಟರ್ಮಿನಲ್ಲಿನ ಮೊದಲ ಹಂತವನ್ನು ವರ್ಷಕ್ಕೆ ೨.೫ ಕೋಟಿ ಪ್ರಯಾಣಿಕರಿಗಾಗಿ ಕಟ್ಟಲಾಯಿತು. ಇದನ್ನು ೩೬೫ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ೬೮,೫೦೦; ಅದನ್ನು ೨೪ರಿಂದ ಭಾಗಿಸಿದರೆ ಗಂಟೆಗೆ ಸುಮಾರು ೨,೮೫೦. ದಟ್ಟಣೆಯ ಗಂಟೆಯಲ್ಲಿ ಇದರ ಇಮ್ಮಡಿ ಬರುವರೆಂದೂ ಒಬ್ಬೊಬ್ಬರೂ ಒಂದು ಗಂಟೆ ಇರುವರೆಂದೂ ಇಟ್ಟುಕೊಂಡರೆ, ಒಂದೇ ಸೂರಿನ ಕೆಳಗೆ ೫,೭೦೦ ಜನ, ಎಂದರೆ ಒಂದು ದೊಡ್ಡ ಹಳ್ಳಿಯೇ ನೆರೆದಂತಾಯಿತು. ಇದು ನಾವು ತಿಳಿವಿಗಾಗಿ ಹಾಕಿದ ಲೆಕ್ಕವೇ ಹೊರತು ನಿಲ್ದಾಣದವರ ಲೆಕ್ಕವಲ್ಲ. ಆದರೆ ಶಿಲ್ಪಿಯು ಯೋಚಿಸುವ ರೀತಿ ಇದೇ.

ಈಗ ಬೀದರಿಗೆ ಬರೋಣ. ೭೦ ಆಸನಗಳ ಒಂದು ವಿಮಾನವು ೭೦ ಜನರನ್ನು ಇಳಿಸಿ ೭೦ ಜನರನ್ನು ಹತ್ತಿಸಿಕೊಂಡರೆ ಕಟ್ಟಡವು ೧೪೦ ಜನರನ್ನು ತಾಳಬೇಕು. ಅಂಥ ಎರಡು ವಿಮಾನಗಳು ಒಂದೇ ಹೊತ್ತಿಗೆ ಬಂದರೆ ೨೮೦ ಜನರಿಗೆ ಜಾಗ ಬೇಕು. ಎರಡನೆಯದು ಒಂದೆರಡು ಗಂಟೆ ತಡೆದು ಬಂದರೆ ಮತ್ತೆ ೧೪೦ ಜನರ ಜಾಗವೇ ಸಾಕು. ಹೀಗೆ ವೇಳಾಪಟ್ಟಿಯೂ ಇಟ್ಟಿಗೆ, ಸಿಮೆಂಟುಗಳಂತೆ ಒಂದು ಕಟ್ಟಡಸಾಮಗ್ರಿ. ಇದನ್ನು ಮರೆತು ಕಟ್ಟಿದ ಕಡೆಗಳಲ್ಲಿ ಒಂದು ಗಂಟೆಯ ನೂಕುನುಗ್ಗಲು, ಇಪ್ಪತ್ತಮೂರು ಗಂಟೆಗಳ ಶೂನ್ಯ, ಎರಡೂ ಒಂದೇ ಕಟ್ಟಡದಲ್ಲಿ ಕಾಣುತ್ತವೆ.

ಕಂಬವಿಲ್ಲದ ಸೂರು

ದೊಡ್ಡ ನಿಲ್ದಾಣಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ವಿಶಾಲವಾದ ಸೂರು, ಅದರ ಕೆಳಗೆ ದೂರದೂರದಲ್ಲಿ ನಿಂತ ಕೆಲವೇ ಕಂಬಗಳು. ಇದು ಬರಿಯ ವೈಭವಕ್ಕಾಗಿ ಅಲ್ಲ. ವಿಮಾನಗಳ ಗಾತ್ರ, ತನಿಖೆಯ ಯಂತ್ರಗಳು, ಸಾಲುಗಳ ಕ್ರಮ ಇವು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ. ಕಂಬಗಳು ಕಡಿಮೆಯಿದ್ದಷ್ಟೂ ಒಳಗಿನ ಏರ್ಪಾಡನ್ನು ಬದಲಿಸುವುದು ಸುಲಭ.

ಆದರೆ ಕಂಬಗಳನ್ನು ದೂರವಿಡುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಎರಡು ಕಂಬಗಳ ಮೇಲೆ ಮಲಗಿದ ತೊಲೆಯನ್ನು ನೆನೆಯಿರಿ. ಪ್ರತಿ ಮೀಟರಿನ ಮೇಲಿನ ಭಾರ ಅಷ್ಟೇ ಇದ್ದು ಕಂಬಗಳ ನಡುವಣ ದೂರವು ಎರಡರಷ್ಟಾದರೆ, ತೊಲೆಯ ನಡುವನ್ನು ಬಾಗಿಸುವ ಪ್ರಭಾವವು ನಾಲ್ಕರಷ್ಟಾಗುತ್ತದೆ. ಅದೇ ತೊಲೆಯು ಹದಿನಾರರಷ್ಟು ಜೋಲುತ್ತದೆ. ತೊಲೆಯನ್ನು ದಪ್ಪಮಾಡೋಣವೆಂದರೆ ಅದರ ಸ್ವಂತ ಭಾರವೇ ಅದಕ್ಕೆ ಹೊರೆಯಾಗುತ್ತದೆ.

ನಮ್ಮ ಹಿಂದಿನವರು ಈ ಸಂಕಟದಿಂದ ಪಾರಾದದ್ದು ಗುಮ್ಮಟದಿಂದ. ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಹುಮಾಯೂನನ ಗೋರಿಯು ಸಿಡಿಲಿಗೆ ಸಿಕ್ಕಿ ಬಿರಿದು ಅರ್ಧ ಕುಸಿದಿದೆ. ಇತಿಹಾಸಕ್ಕೆ ಅದು ನಷ್ಟವೇ ಆದರೂ ಶಿಲ್ಪಶಾಸ್ತ್ರದ ವಿದ್ಯಾರ್ಥಿಗೆ ತೆರೆದ ಪುಸ್ತಕ. ಹಣ್ಣನ್ನು ಕತ್ತರಿಸಿ ನೋಡಿದಂತೆ ಗುಮ್ಮಟದ ದಪ್ಪವನ್ನೂ ಅದು ಗೋಡೆಯ ಮೇಲೆ ಕುಳಿತ ಬಗೆಯನ್ನೂ ಅಲ್ಲಿ ಕಣ್ಣಾರೆ ಕಾಣಬಹುದು. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಗುಮ್ಮಟದ ನೆತ್ತಿಯ ಭಾಗದಲ್ಲಿ ಎಲ್ಲ ಕಡೆಗೂ ಒತ್ತಡವೇ. ಆದರೆ ಅರ್ಧಗೋಳದಲ್ಲಿ ನೆತ್ತಿಯಿಂದ ಸುಮಾರು ೫೨ ಡಿಗ್ರಿ ಕೆಳಗಿಳಿದ ಮೇಲೆ ಗುಮ್ಮಟವು ಹೊರಕ್ಕೆ ಬಿಚ್ಚಿಕೊಳ್ಳಲು ಹವಣಿಸುತ್ತದೆ; ಅಲ್ಲಿ ಸುತ್ತಲೂ ಎಳೆತ ಹುಟ್ಟುತ್ತದೆ. ಆದುದರಿಂದಲೇ ಬುಡದಲ್ಲಿ ಅಷ್ಟು ದಪ್ಪನಾದ ಗೋಡೆಗಳು. ೧೬೫೬ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟವು ಒಳಗೆ ಸುಮಾರು ೩೮ ಮೀಟರ್ ಅಗಲವನ್ನು ಒಂದು ಕಂಬವೂ ಇಲ್ಲದೆ ಮುಚ್ಚಿದೆ. ಅದರ ಗೋಡೆಗಳಾದರೋ ಸುಮಾರು ೩ ಮೀಟರ್ ದಪ್ಪ.

ಉಕ್ಕು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಉಕ್ಕು ಎಳೆತವನ್ನೂ ತಾಳುತ್ತದೆ. ತೆಳುವಾದ ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಟ್ರಸ್ ಎಂಬ ಚೌಕಟ್ಟಿನಲ್ಲಿ ಕೆಲವು ಸರಳುಗಳು ಒತ್ತಡವನ್ನೂ ಕೆಲವು ಎಳೆತವನ್ನೂ ಹಂಚಿಕೊಳ್ಳುತ್ತವೆ. ನಡುವಣ ಜಾಗವೆಲ್ಲ ಗಾಳಿ. ೧೯೬೨ರಲ್ಲಿ ತೆರೆದ ವಾಷಿಂಗ್‌ಟನ್ನಿನ ಡಲೆಸ್ ನಿಲ್ದಾಣದಲ್ಲಿ ಶಿಲ್ಪಿ ಈರೊ ಸಾರಿನೆನ್ ಇನ್ನೂ ಮುಂದೆ ಹೋದನು. ಹೊರಕ್ಕೆ ವಾಲಿದ ಎರಡು ಸಾಲು ಕಂಬಗಳ ನಡುವೆ ಉಕ್ಕಿನ ಹಗ್ಗಗಳನ್ನು ಜೋತುಬಿಟ್ಟು, ಅವುಗಳ ಮೇಲೆ ಸೂರನ್ನು ಹಾಸಿದನು. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಬಾಗನ್ನೇ ಅದು ಹೋಲುತ್ತದೆ. ೧೯೯೧ರಲ್ಲಿ ಲಂಡನ್ನಿನ ಸ್ಟ್ಯಾನ್‌ಸ್ಟೆಡ್ ನಿಲ್ದಾಣದಲ್ಲಿ ನಾರ್ಮನ್ ಫಾಸ್ಟರ್ ಎಂಬ ಶಿಲ್ಪಿಯು ಗಾಳಿಕೊಳವೆ, ತಂತಿ ಮುಂತಾದುವನ್ನೆಲ್ಲ ನೆಲದ ಕೆಳಗೆ ಸೇರಿಸಿ, ಸೂರನ್ನು ಹಗುರಗೊಳಿಸಿ ಬೆಳಕಿಗೆ ಬಿಟ್ಟುಕೊಟ್ಟನು. ಮುಂದೆ ಬಂದ ಅನೇಕ ನಿಲ್ದಾಣಗಳಿಗೆ ಇದು ಮೇಲ್ಪಂಕ್ತಿಯಾಯಿತು.

ಉಕ್ಕಿಗೂ ಒಂದು ಚಪಲತೆಯುಂಟು. ಬಿಸಿಲಿಗೆ ಅದು ಹಿಗ್ಗುತ್ತದೆ. ಚಳಿಗಾಲದ ಬೆಳಗಿಗೂ ಬೇಸಗೆಯ ಮಧ್ಯಾಹ್ನಕ್ಕೂ ೩೦ ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ, ೧೦೦ ಮೀಟರ್ ಉದ್ದದ ಉಕ್ಕಿನ ಸೂರು ಸುಮಾರು ೩೬ ಮಿಲಿಮೀಟರ್ ಬೆಳೆಯುತ್ತದೆ. ಆದುದರಿಂದ ಉದ್ದವಾದ ಕಟ್ಟಡಗಳನ್ನು ತುಂಡುತುಂಡಾಗಿ ಕಟ್ಟಿ ನಡುವೆ ಸಂದು ಬಿಡುತ್ತಾರೆ. ರೈಲುಹಳಿಗಳ ನಡುವೆ ಸಂದು ಬಿಡುತ್ತಿದ್ದುದೂ ಇದೇ ಕಾರಣಕ್ಕೆ.

ಬೆಳಕು ಬೇಕು, ಬಿಸಿಲು ಬೇಡ

ಬೀದರ್ ನಗರವು ಹೆಚ್ಚುಕಡಿಮೆ ೧೮ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಿದ್ದ ಮೇಲೆ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ನಡುವಿನ ಹೊತ್ತಿಗೊಮ್ಮೆ ಮತ್ತು ಜುಲೈ ಕೊನೆಯ ಹೊತ್ತಿಗೊಮ್ಮೆ, ಮಧ್ಯಾಹ್ನದ ಸೂರ್ಯನು ನೆತ್ತಿಗೆ ನೇರವಾಗಿ ಬರುತ್ತಾನೆ. ಬೇಸಗೆಯಲ್ಲಿ ಇಲ್ಲಿಯ ಕಟ್ಟಡಕ್ಕೆ ಬಿಸಿಲಿನ ಮುಖ್ಯವಾದ ಏಟು ಬೀಳುವುದು ಸೂರಿನ ಮೇಲೆ. ಬೆಳಿಗ್ಗೆ, ಸಂಜೆಗಳಲ್ಲಿ ಪೂರ್ವ ಪಶ್ಚಿಮದ ಗೋಡೆಗಳ ಮೇಲೆ. ಉತ್ತರ ದಕ್ಷಿಣದ ಗೋಡೆಗಳಿಗೆ, ಸೂರು ಸ್ವಲ್ಪ ಮುಂದಕ್ಕೆ ಚಾಚಿದ್ದರೆ, ಬಿಸಿಲಿನ ಬಾಧೆ ಅಷ್ಟಾಗಿಲ್ಲ. ಯೂರೋಪಿನ ಚಳಿಯ ನಾಡಿನಲ್ಲಿ ನಾಲ್ಕು ಕಡೆಯೂ ಗಾಜನ್ನು ನಿಲ್ಲಿಸಿದ ನಿಲ್ದಾಣವನ್ನು ಕಂಡು ಇಲ್ಲಿಯೂ ಹಾಗೆಯೇ ಕಟ್ಟಿದರೆ ಏನಾದೀತೆಂಬುದನ್ನು ವಿದ್ಯಾರ್ಥಿಗಳೇ ಊಹಿಸಬಲ್ಲರು.

ಒಂದು ಲೆಕ್ಕ ಹಾಕೋಣ. ೧೦೦ ಮೀಟರ್ ಉದ್ದ, ೬೦ ಮೀಟರ್ ಅಗಲದ ಹಜಾರವೊಂದಿದೆಯೆನ್ನಿ. ಅದರ ಸೂರು ೬,೦೦೦ ಚದರ ಮೀಟರ್. ನಿರ್ಮಲವಾದ ಆಕಾಶದ ನಡುಹಗಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ೧ ಕಿಲೋವಾಟ್ ಶಕ್ತಿ ಸುರಿಯುತ್ತದೆ. ಒಟ್ಟು ೬,೦೦೦ ಕಿಲೋವಾಟ್. ಇದರಲ್ಲಿ ಹತ್ತನೆಯ ಒಂದು ಪಾಲು ಒಳಕ್ಕಿಳಿದರೂ ೬೦೦ ಕಿಲೋವಾಟ್. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು ೧೦೦ ವಾಟ್ ಶಾಖ ಹೊರಬೀಳುತ್ತದೆ. ಒಂದು ಸಾವಿರ ಜನ ನೆರೆದರೂ ಅವರಿಂದಾಗುವ ಶಾಖ ೧೦೦ ಕಿಲೋವಾಟ್ ಮಾತ್ರ. ಜನಸಂದಣಿಗಿಂತ ಸೂರೇ ಆರು ಪಾಲು ಹೆಚ್ಚು ಸೆಕೆಯನ್ನು ತರುತ್ತದೆಯೆಂದಾಯಿತು. ಬಿಳಿಯ ಬಣ್ಣದ ಸೂರು, ಅದರ ಕೆಳಗೆ ಶಾಖವನ್ನು ತಡೆಯುವ ಪದರ, ನೇರ ಬಿಸಿಲನ್ನು ಬಿಡದೆ ಬೆಳಕನ್ನು ಮಾತ್ರ ಬಿಡುವ ಕಿಂಡಿಗಳು, ಇವು ಅಲಂಕಾರವಲ್ಲ, ಅವಶ್ಯಕತೆ.

ಹಜಾರವು ಎತ್ತರವಾಗಿರುವುದೂ ಉಪಯುಕ್ತವೇ. ಬಿಸಿಗಾಳಿ ಮೇಲಕ್ಕೇರಿ ಸೂರಿನಡಿ ನಿಲ್ಲುತ್ತದೆ. ಜನರಿರುವುದು ನೆಲದಿಂದ ಎರಡು ಮೀಟರಿನೊಳಗೆ. ತಂಪಾದ ಗಾಳಿಯನ್ನು ಮೇಲಿನಿಂದ ಸುರಿಯದೆ ಕೆಳಗಿನಿಂದಲೇ ಮೆಲ್ಲನೆ ಬಿಟ್ಟರೆ, ಇಡೀ ಹಜಾರವನ್ನಲ್ಲ, ಜನರಿರುವ ಪದರವನ್ನು ಮಾತ್ರ ತಣಿಸಿದರೆ ಸಾಕಾಗುತ್ತದೆ.

ಮಾತು ಕೇಳಿಸಬೇಕು

ಗೋಲಗುಮ್ಮಟದಲ್ಲಿ ಪಿಸುಮಾತು ಮತ್ತೆ ಮತ್ತೆ ಮರುದನಿಗೊಡುವುದು ಪ್ರವಾಸಿಗರಿಗೆ ವಿನೋದ. ಅದೇ ಗುಣ ವಿಮಾನನಿಲ್ದಾಣಕ್ಕೆ ಬಂದರೆ ವಿಪತ್ತು. ವಿಮಾನ ಹೊರಡುವ ಬಾಗಿಲು ಬದಲಾಯಿತೆಂಬ ಪ್ರಕಟಣೆಯು ತನ್ನ ಮಾರ್ದನಿಯಲ್ಲಿಯೇ ಮುಳುಗಿಹೋಗುತ್ತದೆ. ಧ್ವನಿಶಾಸ್ತ್ರಜ್ಞ ಸಬೀನನ ಸೂತ್ರದಂತೆ, ಮಾರ್ದನಿ ಅಡಗಲು ಹಿಡಿಯುವ ಸೆಕೆಂಡುಗಳನ್ನು ತಿಳಿಯಬೇಕಾದರೆ ಹಜಾರದ ಘನಗಾತ್ರವನ್ನು ೦.೧೬ರಿಂದ ಗುಣಿಸಿ, ಧ್ವನಿಯನ್ನು ಹೀರುವ ವಿಸ್ತೀರ್ಣದಿಂದ ಭಾಗಿಸಬೇಕು. ನಮ್ಮ ಮೇಲಿನ ಹಜಾರವೇ ೧೨ ಮೀಟರ್ ಎತ್ತರವಿದ್ದರೆ ಘನಗಾತ್ರ ೭೨,೦೦೦ ಘನಮೀಟರ್. ಮಾರ್ದನಿಯು ೨ ಸೆಕೆಂಡುಗಳಲ್ಲಿ ಅಡಗಬೇಕಾದರೆ ಪೂರ್ಣವಾಗಿ ಧ್ವನಿ ಹೀರುವ ೫,೭೬೦ ಚದರ ಮೀಟರ್ ಬೇಕು. ಹೆಚ್ಚುಕಡಿಮೆ ಇಡೀ ಸೂರಿನ ವಿಸ್ತೀರ್ಣವೇ ಇದು! ನೆಲವು ನುಣುಪಾದ ಕಲ್ಲು, ಗೋಡೆ ಗಾಜು. ಇವೆರಡೂ ಧ್ವನಿಯನ್ನು ಹೀರುವುದಿಲ್ಲ. ಆದುದರಿಂದ ಒಳಸೂರೇ ಆ ಕೆಲಸವನ್ನು ವಹಿಸಿಕೊಳ್ಳಬೇಕು. ದೊಡ್ಡ ನಿಲ್ದಾಣಗಳ ಒಳಸೂರಿನಲ್ಲಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಸಂದುಗಳ ಹಿಂದೆ ಮೆತ್ತನೆಯ ಪದರಗಳನ್ನಿಡುವುದು ಇದಕ್ಕಾಗಿಯೇ.

ಉದ್ಯಾನದೊಳಗಿನ ನಿಲ್ದಾಣ

ಇಷ್ಟನ್ನು ತಿಳಿದ ಮೇಲೆ ಬೆಂಗಳೂರಿನ ಎರಡನೆಯ ಟರ್ಮಿನಲ್ಲಿನ ಒಳಹೊಕ್ಕರೆ ಅದರ ಉದ್ದೇಶ ಸ್ಪಷ್ಟವಾಗುತ್ತದೆ. ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಎಂಬ ಶಿಲ್ಪಿಸಂಸ್ಥೆ ಅದನ್ನು ರೂಪಿಸಿತು. ಬೆಂಗಳೂರು ಉದ್ಯಾನನಗರಿಯೆಂದು ಹೆಸರಾದುದರಿಂದ, ಉದ್ಯಾನದೊಳಗೊಂದು ನಿಲ್ದಾಣ ಎಂಬ ಭಾವನೆಯನ್ನು ಅವರು ಹಿಡಿದರು. ಉಕ್ಕಿನ ಚೌಕಟ್ಟಿಗೆ ಒಳಗಿನಿಂದ ಬಿದಿರಿನ ಪಟ್ಟಿಗಳ ಜಾಲರಿಯನ್ನು ಹೊದಿಸಿದ್ದಾರೆ. ಅದರ ಸಂದುಗಳಿಂದ ಬೆಳಕು ಮರದೆಲೆಗಳ ನಡುವಿನಿಂದ ಬಂದಂತೆ ಸೋಸಿ ಇಳಿಯುತ್ತದೆ. ಮೇಲಿನಿಂದ ಗಿಡಬಳ್ಳಿಗಳ ತೂಗುತೋಟಗಳು ಇಳಿಬಿದ್ದಿವೆ. ಟರ್ಮಿನಲ್ಲಿಗೂ ವಿಮಾನವೇರುವ ಬಾಗಿಲುಗಳಿಗೂ ನಡುವೆ ಮರಗಿಡಗಳ ಪಟ್ಟಿಯೊಂದನ್ನು ಬೆಳೆಸಿ, ಅದನ್ನು ದಾಟಿ ಹೋಗುವಂತೆ ಸೇತುವೆಗಳನ್ನು ಹಾಕಿದ್ದಾರೆ. ಹಸಿರುಗೋಡೆ, ತೂಗುತೋಟ, ಹೊರತೋಟಗಳು ಸೇರಿ ೧೦,೦೦೦ ಚದರ ಮೀಟರಿಗೂ ಮಿಗಿಲು. ೨೦೨೩ರ ಜನವರಿಯಲ್ಲಿ ಅಲ್ಲಿಂದ ದೇಶದೊಳಗಿನ ವಿಮಾನಗಳೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರದೇಶದ ವಿಮಾನಗಳೂ ಹೊರಡತೊಡಗಿದುವು.

ಇಷ್ಟೊಂದು ಗಿಡಗಳಿಗೆ ನೀರೆಲ್ಲಿಯದು? ಸೂರೇ ಅದಕ್ಕೂ ಉತ್ತರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ ೮೦೦ ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ೪,೦೦೦ ಚದರ ಮೀಟರಿನ ಸಾಧಾರಣ ಸೂರಿನ ಮೇಲೂ ೩೨ ಲಕ್ಷ ಲೀಟರ್ ನೀರು ಬೀಳುತ್ತದೆ. ಅದನ್ನು ಹಿಡಿದಿಡುವವನಿಗೆ ಅದು ಸಂಪತ್ತು, ಹರಿಯಬಿಡುವವನಿಗೆ ಪ್ರವಾಹ.

ಈ ಜಾಣತನದಲ್ಲಿ ಬೀದರಿನ ಜನ ಯಾರಿಗೂ ಹಿಂದೆ ಬಿದ್ದವರಲ್ಲ. ೧೫ನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ, ನೌಬಾದಿನ ಹತ್ತಿರ ಜಂಬಿಟ್ಟಿಗೆಯ ನೆಲವನ್ನು ಕೊರೆದು ಕರೇಜ್ ಎಂಬ ಸುರಂಗ ಕಾಲುವೆಯನ್ನು ಮಾಡಿದರು. ಜಂಬಿಟ್ಟಿಗೆಯು ರಂಧ್ರಮಯವಾದ ಕಲ್ಲು. ಮಳೆನೀರು ಅದರಲ್ಲಿ ಇಂಗಿ ಕೆಳಗಿಳಿಯುತ್ತದೆ. ಆ ನೀರನ್ನು ನಸುವೇ ಇಳಿಜಾರಾದ ಸುರಂಗವು ಯಾವ ಯಂತ್ರದ ನೆರವೂ ಇಲ್ಲದೆ ದೂರಕ್ಕೆ ಒಯ್ಯುತ್ತಿತ್ತು. ನಡುನಡುವೆ ಬೆಳಕು ಗಾಳಿಗಳಿಗೆ ಬಾವಿಯಂತಹ ಕಿಂಡಿಗಳು. ನೆಲದ ಗುಣವನ್ನು ತಿಳಿದು ಕಟ್ಟುವುದೆಂದರೆ ಇದೇ. ಬೀದರಿನ ನಿಲ್ದಾಣವನ್ನು ಮುಂದೆ ಬೆಳೆಸುವವರು ಬೆಂಗಳೂರಿನ ತೂಗುತೋಟವನ್ನು ನಕಲುಮಾಡಬೇಕಾಗಿಲ್ಲ. ನೌಬಾದಿನ ಪಾಠವನ್ನು ಓದಿದರೆ ಸಾಕು.

ಎಚ್ಚರಿಕೆಯ ಮೂರು ಪಾಠಗಳು

ಸೌಂದರ್ಯದ ಮಾತಾಡುವಾಗ ಸುರಕ್ಷತೆಯನ್ನು ಮರೆಯಕೂಡದು. ೧೯೯೬ರ ಏಪ್ರಿಲ್ ೧೧ರಂದು ಜರ್ಮನಿಯ ಡುಸೆಲ್‌ಡಾರ್ಫ್ ನಿಲ್ದಾಣದಲ್ಲಿ ಬೆಸುಗೆಯ ಕಿಡಿಯೊಂದು ಒಳಸೂರಿನ ಮೇಲಿದ್ದ ಶಾಖನಿರೋಧಕ ಪದರಕ್ಕೆ ಹತ್ತಿತು. ಕಣ್ಣಿಗೆ ಕಾಣದ ಆ ಸಂದಿನಲ್ಲಿ ಬೆಂಕಿ ಹಬ್ಬಿತು. ವಿಷದ ಹೊಗೆಗೆ ಸಿಕ್ಕಿ ೧೭ ಜನ ಮಡಿದರು. ೨೦೦೪ರ ಮೇ ೨೩ರಂದು ಪ್ಯಾರಿಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ, ತೆರೆದು ಒಂದು ವರ್ಷವೂ ತುಂಬದ ಕಟ್ಟಡದ ಕಾಂಕ್ರೀಟಿನ ಕಮಾನುಸೂರಿನ ಒಂದು ತುಂಡು ಕುಸಿದು ೪ ಜನ ಸತ್ತರು. ಕಿಂಡಿಗಳಿಂದ ದುರ್ಬಲವಾದ ತೆಳು ಕಮಾನಿಗೆ ಮಿಗಿಲು ಬಲವನ್ನು ಸಾಕಷ್ಟು ಇಟ್ಟಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂತು. ಬಿಸಿಲು ಚಳಿಗಳ ಹಿಗ್ಗುಕುಗ್ಗುಗಳೂ ಅದನ್ನು ದಣಿಸಿದ್ದುವು. ೨೦೨೪ರ ಜೂನ್ ೨೮ರಂದು ದೆಹಲಿಯ ಒಂದನೆಯ ಟರ್ಮಿನಲ್ಲಿನ ಹೊರಚಪ್ಪರ ಭಾರಿ ಮಳೆಯಲ್ಲಿ ಕುಸಿದು ಒಬ್ಬರು ಪ್ರಾಣ ಕಳೆದುಕೊಂಡರು.

ಈ ಮೂರರಿಂದ ನಾವು ಕಲಿಯಬೇಕಾದುದು ಸ್ಪಷ್ಟ. ಕಾಣದ ಸಂದುಗಳಲ್ಲಿ ಸುಡುವ ವಸ್ತುವನ್ನಿಡಬಾರದು; ಒಂದು ಅಂಗ ಸೋತರೆ ಇನ್ನೊಂದು ಹೊರೆಯನ್ನು ಹೊರುವಂತೆ ಕಟ್ಟಬೇಕು; ಕಟ್ಟಿ ಮುಗಿಸಿದ ಮೇಲೆಯೂ ನೋಡಿಕೊಳ್ಳುವುದನ್ನು ಬಿಡಬಾರದು. ಬಿದಿರನ್ನು ಒಳಸೂರಿಗೆ ಬಳಸುವಾಗ ಬೆಂಕಿಗೆ ಸುಲಭವಾಗಿ ಹತ್ತದಂತೆ ಅದನ್ನು ಸಂಸ್ಕರಿಸಬೇಕಾದುದೂ ಇದರಿಂದಲೇ.

ಮೊದಲ ಬಾರಿ ಬರುವವರಿಗಾಗಿ

ಕೊನೆಯದಾಗಿ ಲೆಕ್ಕಕ್ಕೆ ಸಿಗದ ಒಂದು ವಿಷಯ ಉಳಿಯಿತು. ಔರಾದದ ಕಡೆಯ ಹಳ್ಳಿಯಿಂದ, ಹುಟ್ಟಿದಂದಿನಿಂದ ವಿಮಾನವನ್ನು ಹತ್ತದ ಅಜ್ಜಿಯೊಬ್ಬರು ಬೆಂಗಳೂರಿನ ಆಸ್ಪತ್ರೆಗೆ ಹೊರಟಿದ್ದಾರೆಂದು ಭಾವಿಸೋಣ. ಅವರಿಗೆ ಓದು ಬಾರದು. ಬೀದರ್ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬಳಕೆಯಲ್ಲಿರುವುದರಿಂದ, ಓದು ಬಲ್ಲವರಿಗೂ ಎಲ್ಲ ಹಲಗೆಗಳೂ ತಿಳಿಯವು. ಬಾಗಿಲನ್ನು ದಾಟಿದೊಡನೆ ಮುಂದೆಲ್ಲಿಗೆ ಹೋಗಬೇಕೆಂಬುದನ್ನು ಕಟ್ಟಡವೇ ಅವರಿಗೆ ಹೇಳಬೇಕು. ಹೊಕ್ಕ ಕಡೆಯಿಂದಲೇ ಆಚೆಯ ವಿಮಾನ ಕಂಡರೆ ಹೇಳುವುದೇನೂ ಉಳಿಯುವುದಿಲ್ಲ. ಬೆಳಕಿನ ಕಡೆಗೆ ಮನುಷ್ಯನು ತಾನಾಗಿಯೇ ನಡೆಯುತ್ತಾನೆ. ನಿಲ್ದಾಣದಲ್ಲಿ ಹಲಗೆಗಳು ಹೆಚ್ಚಿದಷ್ಟೂ ಶಿಲ್ಪಿಯ ಸೋಲು ಹೆಚ್ಚೆಂದು ಹೇಳಿದರೆ ಅತಿಶಯವಾಗಲಾರದು.

ಈ ವಿದ್ಯೆಗೂ ಬೀದರಿನಲ್ಲಿ ಒಂದು ಮಾದರಿಯಿದೆ. ಮಹಮೂದ್ ಗವಾನನು ೧೪೭೨ರ ಹೊತ್ತಿಗೆ ಕಟ್ಟಿಸಿದ ಮದ್ರಸಾ ಮೂರು ಅಂತಸ್ತುಗಳ ವಿಶಾಲವಾದ ವಿದ್ಯಾಲಯ. ನಡುವೆ ತೆರೆದ ಅಂಗಳ, ಅದರ ನಾಲ್ಕು ಬದಿಗಳ ನಡುಮಧ್ಯದಲ್ಲಿ ನಾಲ್ಕು ಎತ್ತರವಾದ ಕಮಾನುಗಳು, ಸುತ್ತ ಕೋಣೆಗಳು. ಅಂಗಳದಲ್ಲಿ ನಿಂತವನಿಗೆ ಇಡೀ ಕಟ್ಟಡ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ದಾರಿ ತಪ್ಪುವ ಮಾತೇ ಇಲ್ಲ. ಅದೇ ಅಂಗಳ ಬೆಳಕನ್ನೂ ಗಾಳಿಯನ್ನೂ ಕೋಣೆಗಳಿಗೆ ಹಂಚುತ್ತದೆ. ಅದರ ಒಂದು ಭಾಗ ೧೭ನೆಯ ಶತಮಾನದ ಕೊನೆಯ ಹೊತ್ತಿಗೆ ಸಿಡಿಮದ್ದಿನ ಆಸ್ಫೋಟಕ್ಕೆ ಸಿಕ್ಕಿ ಹಾಳಾದರೂ, ಉಳಿದ ಭಾಗವು ಈ ಪಾಠವನ್ನು ಇಂದಿಗೂ ಹೇಳುತ್ತ ನಿಂತಿದೆ.

ಕಟ್ಟಡವೊಂದೇ ಸಾಲದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟುಸತ್ಯವನ್ನೂ ಹೇಳಬೇಕಾಗಿದೆ. ಬೀದರಿನ ನಾಗರಿಕ ನಿಲ್ದಾಣದ ಕಟ್ಟಡವು ೨೦೨೦ಕ್ಕಿಂತ ಸುಮಾರು ಒಂದು ದಶಕ ಮೊದಲೇ ಎದ್ದಿತ್ತು. ಆದರೆ ೨೦೦೮ರಲ್ಲಿ ತೆರೆದ ಹೈದರಾಬಾದಿನ ಹೊಸ ನಿಲ್ದಾಣದ ಸುತ್ತ ೧೫೦ ಕಿಲೋಮೀಟರಿನೊಳಗೆ ಇನ್ನೊಂದು ನಾಗರಿಕ ನಿಲ್ದಾಣಕ್ಕೆ ಕರಾರಿನ ಅಡ್ಡಿಯಿದ್ದುದರಿಂದ ಅದು ಬಾಗಿಲು ಮುಚ್ಚಿಕೊಂಡೇ ಇತ್ತು. ತೆರೆದ ಮೇಲೂ ವಿಮಾನಸಂಚಾರ ನಿಂತು ನಿಂತು ನಡೆದಿದೆ. ೨೦೨೩ರ ಕೊನೆಯಲ್ಲಿ ನಿಂತ ಬೆಂಗಳೂರಿನ ವಿಮಾನವು ೨೦೨೫ರ ಏಪ್ರಿಲಿನಲ್ಲಿ ಮತ್ತೆ ಹಾರಿತು. ವಿಮಾನವಿಲ್ಲದ ನಿಲ್ದಾಣವೆಂದರೆ ನೀರಿಲ್ಲದ ತೂಬು. ಸೂರು ಎಷ್ಟು ಸುಂದರವಾಗಿದ್ದರೂ ಒಪ್ಪಂದ, ವೇಳಾಪಟ್ಟಿ, ಪ್ರಯಾಣಿಕರ ಬೇಡಿಕೆ, ಭಾಲ್ಕಿ ಔರಾದಗಳಿಂದ ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಇವು ಕೂಡಿಬರದೆ ಅದು ನಿಲ್ದಾಣವಾಗದು. ಶಿವಮೊಗ್ಗದಲ್ಲಿ ೨೦೨೩ರ ಫೆಬ್ರುವರಿ ೨೭ರಂದು ಉದ್ಘಾಟನೆಯಾದ ಕಟ್ಟಡಕ್ಕೆ ಕಮಲದ ಆಕಾರವಿದೆ. ಅದರ ನೆಲ ೪,೩೪೦ ಚದರ ಮೀಟರ್, ದಟ್ಟಣೆಯ ಗಂಟೆಗೆ ೩೦೦ ಪ್ರಯಾಣಿಕರೆಂಬ ಲೆಕ್ಕ. ಆಕಾರ ಯಾವುದಾದರೂ ಇರಲಿ, ಕೊನೆಗೆ ನಿಲ್ದಾಣದ ಯೋಗ್ಯತೆಯನ್ನು ಅಳೆಯುವುದು ಆ ಕೊನೆಯ ಸಂಖ್ಯೆಯೇ.

ನಮ್ಮ ವಿದ್ಯಾರ್ಥಿಗಳು ಈ ಶಾಸ್ತ್ರವನ್ನು ಕಲಿಯಲು ದೊಡ್ಡ ನಿಲ್ದಾಣಕ್ಕೆ ಹೋಗಬೇಕಾಗಿಲ್ಲ. ಭಾಲ್ಕಿಯ ರೈಲುನಿಲ್ದಾಣದಲ್ಲಿಯೋ ಔರಾದದ ಬಸ್ ನಿಲ್ದಾಣದಲ್ಲಿಯೋ ಒಂದು ರಜಾದಿನ ಬೆಳಗಿನಿಂದ ಸಂಜೆಯವರೆಗೆ ಕುಳಿತು, ಕಾಲುಗಂಟೆಗೊಮ್ಮೆ ಎಷ್ಟು ಜನ ಬಂದರು, ಎಷ್ಟು ಹೊತ್ತು ನಿಂತರು ಎಂಬುದನ್ನು ಬರೆದುಕೊಳ್ಳಿರಿ. ನೆರಳು ಎಲ್ಲಿ ಬೀಳುತ್ತದೆ, ಜನರು ಎಲ್ಲಿ ಕೂಡುತ್ತಾರೆ, ಯಾವ ಮೂಲೆ ಯಾವಾಗಲೂ ಬರಿದಾಗಿರುತ್ತದೆ ಎಂಬುದನ್ನು ಗುರುತಿಸಿರಿ. ಬಳಿಕ ಮೇಲಿನ ಸೂತ್ರದಿಂದ ಆ ನಿಲ್ದಾಣ ಎಷ್ಟು ದೊಡ್ಡದಿರಬೇಕಾಗಿತ್ತೆಂದು ಲೆಕ್ಕಹಾಕಿ, ಅದು ಇರುವ ಅಳತೆಯೊಡನೆ ಹೋಲಿಸಿರಿ. ಎರಡೂ ಏಕೆ ಹೊಂದುತ್ತವೆ, ಅಥವಾ ಏಕೆ ಹೊಂದುವುದಿಲ್ಲ ಎಂಬ ಪ್ರಶ್ನೆ ಏಳುವುದು ಅಲ್ಲಿ.